ಮೂರು ಸಲ ಸತ್ತವನು, ಒಂದು ಸಲ ಸತ್ತವಳು

ತೊಗರಿಬೇಳೆ ಹಸನು ಮಾಡಲು ಕುಳಿತರೆ ಮೊರದಲ್ಲಿ ಕಲ್ಲು ಸಿಗುವುದುಂಟು, ಹುಳ ಸಿಗುವುದುಂಟು, ಒಮ್ಮೆ ಸೊಸೆಯ ಕಳೆದುಹೋದ ಮೂಗುತಿಯೂ ಸಿಕ್ಕಿತ್ತು. ಈ ಬೇಸಿಗೆಯಲ್ಲಿ ನನಗೆ ಸಿಕ್ಕಿದ್ದು ಇಪ್ಪತ್ತು ಮುಖಗಳ ಒಂದು ದಾಳ. ನೆಲ್ಲಿಕಾಯಿಯಷ್ಟು ಗಾತ್ರ, ನೀಲಿ ಬಣ್ಣ, ಮುಖಕ್ಕೊಂದು ಅಂಕಿ. ಕುಕ್ಕರಿಗೆ ಹೋಗುವ ಮೊದಲು ಕಣ್ಣಿಗೆ ಬಿತ್ತಲ್ಲ ಎಂದು ಸಮಾಧಾನ ಪಡಬೇಕಾಗಿತ್ತು. ನನಗೆ ಬಂದದ್ದು ಸಿಟ್ಟು, ಯಾಕೆಂದರೆ ಆ ದಾಳದಿಂದ ನಮ್ಮ ಪಡಸಾಲೆಯಲ್ಲಿ ಅಷ್ಟೊತ್ತಿಗೆ ಮೂರು ಸಾವುಗಳಾಗಿದ್ದವು, ಮೂರೂ ಒಬ್ಬನವೇ.

ಗಾಬರಿಯಾಗಬೇಡಿ, ಹೇಳುತ್ತೇನೆ. ಮಗನ ಮಕ್ಕಳಾದ ವಿನಯ, ಗೌರಿ ಸೇಡಂನಲ್ಲಿ ನನ್ನ ಜೊತೆಗೇ ಇರುವವರು. ಮಗಳ ಮಗ ಶರಣು ರಜೆ ಬಿದ್ದ ಮರುದಿನವೇ ವಾಡಿಯಿಂದ ರೈಲು ಹತ್ತಿ ಬರುವವನು. ಕಾಲೇಜು ಓದುವ ವಿನಯ ಎಲ್ಲಿಂದಲೋ ಒಂದು ಆಟ ಕಲಿತು ಬಂದ. ಅದಕ್ಕೆ ಮಣೆ ಇಲ್ಲ, ಕಾಯಿ ಇಲ್ಲ. ವಿನಯ ಕಥೆ ಹೇಳುತ್ತಾನೆ, ಉಳಿದವರು ಒಂದೊಂದು ಕಾಗದದ ಮೇಲೆ ತಮ್ಮದೊಂದು ಪಾತ್ರವನ್ನು ಬರೆದುಕೊಂಡು ಆ ಕಥೆಯೊಳಗೆ ನಡೆಯುತ್ತಾರೆ, ಕತ್ತಿ ತಗಲಿತೋ ತಪ್ಪಿತೋ ಎಂಬುದನ್ನು ದಾಳ ಹೇಳುತ್ತದೆ. ಶರಣು ವೀರ. ಹತ್ತು ವರ್ಷದ ಗೌರಿ, ಕಾಡಿನ ದಾರಿಗಳನ್ನು ಬಲ್ಲ ಚಂದ್ರಿ. ಒಬ್ಬರು ಕಡಿಮೆ ಬಿದ್ದರೆಂದು ನನ್ನನ್ನೂ ಎಳೆದುಕೊಂಡರು.

"ಆಯಿ, ನೀ ಏನೂ ಮಾತಾಡೋದು ಬ್ಯಾಡ. ವೈದ್ಯ ಆಗು. ಯಾರಿಗರೆ ಗಾಯ ಆದ್ರ ಔಷಧ ಹಚ್ಚು, ಸಾಕು," ಎಂದ ವಿನಯ.

ಮಾತಾಡುವುದು ಬೇಡ ಎಂದದ್ದಕ್ಕೇ ಒಪ್ಪಿಕೊಂಡೆ. ತವರೂರು ಆಡಕಿಯ ಶಾಲೆಯಲ್ಲಿ ಏಳನೆಯ ತರಗತಿ ಮುಗಿಸಿದವಳು ನಾನು. ನಾಲ್ಕು ಜನರೆದುರು ಬಾಯಿ ತೆರೆಯಲು ಇಂದಿಗೂ ಸಂಕೋಚ, ಹೇಳಲಾರದ್ದನ್ನು ಮೊಮ್ಮಕ್ಕಳು ಮುಂದೆ ಓದಿಕೊಳ್ಳಲಿ ಎಂದು ಹೀಗೆ ಬರೆದಿಡುವುದು ರೂಢಿ.

ಶರಣುವಿನ ವೀರ ಮೊದಲ ವಾರದಲ್ಲೇ ಸತ್ತ, ಆಳ ನೋಡದೆ ಬಾವಿಗೆ ಹಾರಿ. ವಿನಯ ಒಂದು ಮಂತ್ರ ಹೇಳಿ ಎಬ್ಬಿಸಿದ. ಎರಡನೆಯ ಸಲ ಮಲಗಿದ್ದ ರಕ್ಕಸನ ಮೂಗಿಗೆ ಹುಲ್ಲುಕಡ್ಡಿ ಹಾಕಿ ಸತ್ತ, ಮತ್ತೆ ಎಬ್ಬಿಸಿದ. ಮೂರನೆಯ ಸಲ ಯಾಕೆ ಸತ್ತನೆಂದು ಸತ್ತವನಿಗೂ ನೆನಪಿಲ್ಲ. ಒಬ್ಬರ ಕಣ್ಣಲ್ಲೂ ನೀರಿಲ್ಲ, ತಟ್ಟೆಯಲ್ಲಿದ್ದ ಚುರಮುರಿ ತಿನ್ನುವುದು ಕೂಡ ನಿಲ್ಲಲಿಲ್ಲ. ನನಗೆ ತಡೆಯಲಾಗಲಿಲ್ಲ.

"ನಿನಗ ಸಾವಂದ್ರ ಚಿತ್ತಾಪುರಕ್ಕ ಹೋಗಿ ಬಂದಂಗ ಆಗ್ಯಾದ ನೋಡು."

"ಚಿತ್ತಾಪುರಕ್ಕ ಹೋಗ್ಬೇಕಂದ್ರ ಬಸ್ಸಿಗಿ ಕಾಯ್ಬೇಕು ಆಯಿ. ಇದಕ್ಕ ಅದೂ ಇಲ್ಲ."

ವಿನಯ ನಕ್ಕನಾದರೂ ನನ್ನ ಮಾತು ಅವನಿಗೆ ನಾಟಿರಬೇಕು. ಮರುದಿನ ಹೊಸ ನಿಯಮ ತಂದ: ಇನ್ನು ಮಂತ್ರ ನಡೆಯುವುದಿಲ್ಲ, ಉಳಿದಿರುವುದು ಒಂದೇ ಜೀವರತ್ನ, ಅದು ವೈದ್ಯೆಯ ಚೀಲದಲ್ಲಿರುತ್ತದೆ, ಸತ್ತ ಹತ್ತು ದಿನದೊಳಗೆ ಎದೆಯ ಮೇಲಿಟ್ಟರೆ ಒಬ್ಬರಿಗೆ ಒಮ್ಮೆ ಜೀವ ಬರುತ್ತದೆ, ಆಮೇಲೆ ರತ್ನ ಪುಡಿಯಾಗುತ್ತದೆ. ಈ ಹತ್ತು ದಿನದ ಲೆಕ್ಕ ಯಾವ ಪುಣ್ಯಾತ್ಮ ಹಾಕಿದನೋ ತಿಳಿಯದು. ಒಂಬತ್ತನೆಯ ದಿನ ಬಾರದಿದ್ದವರು ಹನ್ನೊಂದನೆಯ ದಿನ ಬಾರದಿರುವುದಕ್ಕೆ ಏನು ಹೆಚ್ಚಿನ ಕಾರಣವಿದೆ, ನೀವೇ ಹೇಳಿ.

ಅದೇ ವಾರ ಚಂದ್ರಿ ಸತ್ತಳು. ಹಗ್ಗದ ಸೇತುವೆಯ ಮೇಲೆ ರಕ್ಕಸರು ಬೆನ್ನಟ್ಟಿ ಬಂದಾಗ, ನೀವು ದಾಟಿರಿ, ನಾನು ಹಗ್ಗ ಹಿಡಿದಿರುತ್ತೇನೆ ಎಂದು ಗೌರಿ ತಾನಾಗಿಯೇ ಹೇಳಿದಳು. ದಾಳ ಉರುಳಿತು, ಶಹಾಬಾದ ಕಲ್ಲಿನ ನೆಲದ ಮೇಲೆ ಅದರ ಸದ್ದು ನಿಂತಾಗ ಮೇಲೆ ಕಂಡದ್ದು ತೀರ ಕೆಳಗಿನ ಅಂಕಿ, ಒಂದು. ಶರಣು ಕೂಡಲೇ ಕೇಳಿದ: "ಹಂಗಾರ ಆಕಿ ಬಿಲ್ಲು ನಾ ತಗೋತೀನಿ?"

ನನ್ನ ಮೈ ಉರಿದುಹೋಯಿತು. "ಇನ್ನಾ ಮಣ್ಣಾಗಿಲ್ಲ, ಚೀಲಕ್ಕ ಕೈ ಹಾಕ್ಲಿಕತ್ತೀಯಲ್ಲ. ಮೊದಲು ಆ ಹುಡುಗಿಗಿ ಮಣ್ಣು ಕೊಡ್ರಿ."

ಒಮ್ಮೆ ಬಾಯಿ ತೆರೆದ ಮೇಲೆ ನಾನು ನಿಲ್ಲಲಿಲ್ಲ. ಮಾತಿನಲ್ಲೇ ಗುಂಡಿ ತೋಡಿಸಿದೆ. ನಮ್ಮಲ್ಲಿ ಹೋದವರನ್ನು ಮಲಗಿಸುವುದಿಲ್ಲ, ಕೂರಿಸುತ್ತೇವೆ. ಚಂದ್ರಿಯನ್ನೂ ಕೂರಿಸಿದೆ, ಹಣೆಗೆ ವಿಭೂತಿ ಹಚ್ಚಿದೆ, ಬಿಲ್ವಪತ್ರೆ ಹಾಕಿಸಿದೆ. ಎಡಗೈಯಲ್ಲಿ ಲಿಂಗವಿಡುವ ಹೊತ್ತಿಗೆ ತಡವರಿಸಿದೆ, ಆ ಕಾಡಿನ ಹುಡುಗಿಯ ಕೊರಳಲ್ಲಿ ಲಿಂಗವಿರಲಿಲ್ಲ. ಬರಿಗೈಯಲ್ಲಿ ಕಳಿಸುವುದೆಂದರೆ ನನ್ನಿಂದಾಗದು. ನನ್ನ ಚೀಲದಲ್ಲಿ ಬೆಲೆಯುಳ್ಳದ್ದು ಅಂತ ಇದ್ದದ್ದು ಒಂದೇ. ಹೆಸರೆತ್ತದೆ ಅದನ್ನೇ ಅವಳ ಅಂಗೈಯಲ್ಲಿಟ್ಟು ಬೆರಳು ಮುಚ್ಚಿದೆ. ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದರು. ಗೌರಿ ತನ್ನ ಚಂದ್ರಿಗೆ ತಾನೇ ಹಾಕಿದಳು. ವಿನಯ ಬೆರಗಾಗಿ ಎಲ್ಲವನ್ನೂ ಬರೆದುಕೊಂಡ.

ಮರುದಿನ ಮಧ್ಯಾಹ್ನ ಗೌರಿ ತಲೆ ಬಾಚಿಕೊಂಡು, ಪೆನ್ಸಿಲ್ಲು ಚೂಪು ಮಾಡಿಕೊಂಡು, ಹಬ್ಬಕ್ಕೆ ಕುಳಿತವಳಂತೆ ಕುಳಿತಿದ್ದಳು.

"ಆಯಿ, ರತ್ನ ತಗಿ," ಎಂದ ವಿನಯ.

"ಅದು ಆಕಿ ಕೈಯಾಗೇ ಅದ. ಮಣ್ಣಾಗ."

ಆಗ ನೋಡಬೇಕಿತ್ತು ಅವರ ಮುಖಗಳನ್ನು. ಎಬ್ಬಿಸಲಿಕ್ಕೆಂದೇ ಕೊಟ್ಟ ರತ್ನವನ್ನು ಕಳಿಸಲಿಕ್ಕೆ ಬಳಸಿಬಿಟ್ಟಿದ್ದೆ! ಆ ಗಳಿಗೆಯಲ್ಲಿ ನಿಯಮ ನನ್ನ ತಲೆಯಲ್ಲೇ ಇರಲಿಲ್ಲ. ಶರಣು, "ಅಗದು ತಗೀಮು, ಅದರಾಗೇನದ," ಎಂದ. ಮಣ್ಣು ಕೊಟ್ಟ ಮೇಲೆ ಅಗೆಯುವುದೆಂದರೇನು ಎಂದು ರೇಗಿದೆ. ಆಗ ಗೌರಿ ಮೆಲ್ಲಗೆ ಹೇಳಿದಳು: "ಶರಣಣ್ಣಗ ಮೂರು ಸಲ. ಅಂವ ಬಾವಿಗಿ ಬಿದ್ದು ಸತ್ತ. ನಾ ನಿಮ್ಮನ್ನೆಲ್ಲ ದಾಟಸಿ ಸತ್ತೀನಿ. ನನಗ ಒಂದ್ ಸಲನೂ ಇಲ್ಲೇನು?" ಕಾಗದವನ್ನು ಮಡಚಿ ನನ್ನ ಮುಂದಿಟ್ಟು ಎದ್ದು ಹೋದಳು.

ಎರಡು ದಿನ ನನ್ನ ಕೈಯ ರೊಟ್ಟಿ ಮುಟ್ಟಲಿಲ್ಲ; ತನ್ನ ಅವ್ವ ಬಡಿಸಿದರೆ ಉಂಡಳು. ಇಂಥ ಮಾತಿಗೆಲ್ಲ ಮನೆ ಮುರಿದುಕೊಳ್ಳುವ ಆಟವನ್ನು ಆಡುವುದಾದರೂ ಯಾಕೆ ಎಂದು ನಾನು ಗೊಣಗಿದೆ, ವಿನಯನನ್ನು ಬೈದೆ, ಕೂಲರಿನ ನೀರು ಚೆಲ್ಲಿದ ಶರಣುವನ್ನು ಇದಕ್ಕೂ ಸೇರಿಸಿ ಬೈದೆ. ಆದರೆ ಆ ಮಗುವಿನ ಲೆಕ್ಕದಲ್ಲಿ ನನಗೆ ತಪ್ಪು ಸಿಗಲಿಲ್ಲ. ನಿಜವಾದ ಸಾವೂ ಹೀಗೆಯೇ ಅನ್ಯಾಯದ್ದು, ಕಲಿತುಕೊಳ್ಳಲಿ ಎಂದು ಒಂದು ಮನಸ್ಸು ಹೇಳಿತು. ಹತ್ತು ವರ್ಷದ ಮಗುವಿಗೆ ಅದನ್ನು ಕಲಿಸುವ ಅವಸರ ನಿನಗೇನಿದೆ ಎಂದು ಇನ್ನೊಂದು ಮನಸ್ಸು ಕೇಳಿತು.

ಅವಳ ಮುತ್ಯಾ, ಅಂದರೆ ನನ್ನ ಯಜಮಾನರು, ಶಾಲೆಯ ಮಾಸ್ತರರಾಗಿದ್ದರು. ಒಂದು ಮುಂಜಾನೆ ಎದೆ ಹಿಡಿದುಕೊಂಡು ಕುಳಿತರು; ಗಾಡಿ ಕಲಬುರಗಿ ಮುಟ್ಟುವ ಮೊದಲೇ ಐಕ್ಯರಾದರು. ಬಂದವರದೆಲ್ಲ ಒಂದೇ ಮಾತು: ಅರ್ಧ ತಾಸು ಮೊದಲು ಹೊರಟಿದ್ದರೆ ಉಳಿಯುತ್ತಿದ್ದರು. ಆ ಅರ್ಧ ತಾಸನ್ನು ನನ್ನ ಮಡಿಲಿಗೆ ಹಾಕಿ ತಾವು ಚಹಾ ಕುಡಿದು ಹೋದರು. ಇವರಿಗೂ ಆಟದ ನಿಯಮಕ್ಕೂ ಏನು ವ್ಯತ್ಯಾಸ? ಜೀವ ಎಲ್ಲೋ ಹತ್ತಿರದಲ್ಲೇ ಇತ್ತು, ನೀನು ಕೈ ಚಾಚಲಿಲ್ಲ ಎನ್ನುವ ಮಾತೇ ಎರಡೂ. ಹೌದು, ಹೋದವರನ್ನು ಕರೆಯಬಾರದು, ಅವರು ಸೇರಬೇಕಾದಲ್ಲಿ ಸೇರಿದರು ಎಂದು ನಾನೂ ನಾಲ್ಕು ಜನರಿಗೆ ಹೇಳಿದ್ದೇನೆ. ಹೇಳುತ್ತಲೇ ಹತ್ತು ದಿನ, ದಿನಾ ಬೆಳಿಗ್ಗೆ, ಎರಡು ಬಟ್ಟಲು ಚಹಾ ಸೋಸಿದ್ದೇನೆ. ಆ ದಿನಗಳಲ್ಲಿ ಯಾರಾದರೂ ಬಂದು, ಅವರ ಕೈಯಲ್ಲೊಂದು ರತ್ನವಿದೆ, ಅಗೆದರೆ ಬರುತ್ತಾರೆ ಎಂದಿದ್ದರೆ ನಾನು ಸಲಿಕೆಗೂ ಕಾಯುತ್ತಿರಲಿಲ್ಲ. ಹಾಗಿರುವಾಗ ಕಾಗದದ ಹುಡುಗಿಯೊಬ್ಬಳ ಗುಂಡಿಗೆ ನಾನೇಕೆ ಇಷ್ಟು ಕಾವಲು?

ಮೂರನೆಯ ದಿನ ಎಲ್ಲರನ್ನೂ ಕರೆದು ಕೂರಿಸಿದೆ. "ಅಗೀತೀನಿ. ನಾನೇ ಅಗೀತೀನಿ, ಈ ಶರಣುನ ಕೈ ಹಚ್ಚಗೊಡಂಗಿಲ್ಲ. ಆದ್ರ ಮೊದಲು ಆಕೀಗಿ ಕೇಳ್ಬೇಕು. ಬರ್ಲಿಕ್ಕೆ ಮನಸ್ಸದನೋ ಇಲ್ಲೋ ಆಕಿ ಹೇಳ್ಬೇಕು."

"ನನಗ್ಯಾರೂ ಕೇಳೇ ಇಲ್ಲ," ಎಂದ ಶರಣು.

"ನಿನ್ನ ಕೇಳಾಕ ನೀ ಯಾವಾಗ ಪೂರಾ ಹೋಗಿದ್ದಿ?"

ಗೌರಿ ಕಾಗದ ಬಿಡಿಸಿ ಬಹಳ ಹೊತ್ತು ನೋಡಿದಳು. ಕೊನೆಗೆ, "ಬರ್ತಾಳ. ಆಕೀಗಿ ಇನ್ನಾ ಭಾಳ ಕೆಲಸ ಅದ," ಎಂದಳು. ನಾನು ಅಗೆದೆ. ಮುಚ್ಚಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ. ರತ್ನ ಎದೆಯ ಮೇಲೆ ಪುಡಿಯಾಯಿತು, ಚಂದ್ರಿ ಮಣ್ಣು ಝಾಡಿಸಿಕೊಂಡು ಎದ್ದು ನಿಂತಳು. ಇನ್ನು ಯಾರಿಗೂ ರತ್ನವಿಲ್ಲ ಎಂದು ವಿನಯ ಹೇಳಿದ. ಶರಣು ತನ್ನ ವೀರನ ಕಾಗದವನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡ.

ಆಮೇಲೆ ಗೌರಿ ನನ್ನ ಬದಿಗೆ ಸರಿದು ಕುಳಿತು ಕೇಳಿದಳು: "ಆಯಿ, ಮುತ್ಯಾಗ ನೀ ಕೇಳಿದ್ದೇನು? ಬರ್ತೀರೇನಂತ?"

"ಕೇಳಿದ್ದೆ. ದಿನಾ ಕೇಳಿದ್ದೆ."

"ಏನಂದ್ರು?"

ದಾಳವನ್ನು ಅವಳ ಅಂಗೈಯಲ್ಲಿಟ್ಟು, "ಪಾಳಿ ನಿಂದದ, ಆಡು," ಎಂದೆ.