ಅವ್ವನ ಪಟಕ್ಕೆ ಮಾಡಿದ ಟಚಪ್

ಹಿರಿಯರ ಹಬ್ಬಕ್ಕೆಂದು ಅವ್ವನ ಪಟ ಒರೆಸಲು ಹೋದೆ. ಒಳಗೆ ತೇವ ಸೇರಿತ್ತು. ಗಾಜು ಬಿಚ್ಚಿದರೆ, ಕಣ್ಣಿನ ಕೆಳಗಿನಿಂದ ಗದ್ದದವರೆಗೆ ಪಟದ ಪದರ ಗಾಜಿಗೇ ಅಂಟಿ ಕಿತ್ತು ಬಂತು. ಬೂಷ್ಟಿನ ನಡುವೆ ಫೋಟೋ ತೊಳೆಯುವ ಔಷಧದ ಹುಳಿ ವಾಸನೆ ಇನ್ನೂ ಇತ್ತೋ, ನನಗೆ ಹಾಗನ್ನಿಸಿತೋ... ಆ ಪಟ ಮಾಡಿಕೊಟ್ಟ ಆಲೂರಿನ ಸ್ಟುಡಿಯೋ ಮಾಮ ನೆನಪಾದರು.

ಅವ್ವ ತೀರಿಕೊಂಡಾಗ ನನಗೆ ಎರಡು ವರ್ಷ. ಅವಳದೊಂದೂ ಫೋಟೋ ಇರಲಿಲ್ಲ. ಎಡೆ ಇಡಲು ಪಟ ಬೇಕೇ ಬೇಕೆಂದು ಅಪ್ಪ ಹಟ ಹಿಡಿದಾಗ, ಮಾಮ ಅವಳ ತಂಗಿಯನ್ನು, ಅಂದರೆ ನನ್ನ ಚಿಕ್ಕಮ್ಮನನ್ನು ಕೂರಿಸಿ ಫೋಟೋ ತೆಗೆದು, ಅದನ್ನು ಪೆನ್ಸಿಲ್ಲಿನಿಂದ ಅವ್ವನ ಹಾಗೆ ತಿದ್ದಿದ್ದರು. ಬದುಕಿರುವವರ ಪಟಕ್ಕೆ ಎಡೆ ಇಡಬಾರದು. ತಿದ್ದಿದ ಮೇಲೆ ಅದು ತನ್ನ ಮುಖವೇ ಅಲ್ಲವೆಂದು ಚಿಕ್ಕಮ್ಮ ಒಪ್ಪಿದ ನಂತರವೇ ಪಟ ಗೋಡೆ ಹತ್ತಿದ್ದು.

ಇದು ನನಗೆ ಗೊತ್ತಾದದ್ದು ಕಾಲೇಜಿನಲ್ಲಿ ಮಾಧ್ಯಮ ಸಿದ್ಧಾಂತ ಓದುವಾಗ. ಅಸಲೇ ಇಲ್ಲದ ನಕಲುಗಳ ನಡುವೆ ಬದುಕುತ್ತಿದ್ದೇವೆ, ಕೊನೆಗೆ ನಕಲೇ ನಿಜವಾಗುತ್ತದೆ ಎಂಬ ಪಾಠ ತಲೆಗೇರಿತ್ತು. ಬಸ್ಸಿಳಿದವನೇ ಸ್ಟುಡಿಯೋಗೆ ಹೋಗಿ, "ಸುಳ್ಳು ಪಟ ಕೊಟ್ರಲ್ಲ ಮಾಮ" ಎಂದು ಜಗಳಕ್ಕೆ ನಿಂತೆ.

ಅವರು ಕನ್ನಡಕ ಒರೆಸುತ್ತಲೇ ಇದ್ದರು. "ಸುಳ್ಳು ಹೆಂಗಾಯ್ತದೆ ಮಾರಾಯ? ನಿಮ್ಮವ್ವನ್ನ ದಿನಾ ನೋಡ್ತಿದ್ನಲ್ಲ. ಮುಖ ನಿನ್ ಚಿಕ್ಕಮ್ಮಂದು. ಗದ್ದ, ಕಣ್ಣಿನ್ ಕೆಳಗಿನ್ ಗೆರೆ ನಿಮ್ಮವ್ವಂದು. ಅಷ್ಟೇ ನಂಗ್ ನೆನಪಿದ್ದಿದ್ದು."

ಈಗ ಕಾಲೇಜಿನಲ್ಲಿ ಅದೇ ಪಾಠವನ್ನು ನಾನೇ ಮಾಡುತ್ತೇನೆ, ಅಸಲು ನಕಲಿನ ಮಾತು ಬಂದಾಗಲೆಲ್ಲ ತಡವರಿಸುತ್ತೇನೆ. ಕ್ಯಾಮೆರಾ ಕಂಡದ್ದು ಬೇರೆಯವಳನ್ನು. ಕೈಯಲ್ಲಿ ಗೀಚಿದ್ದೇ ಅವ್ವ. ಹಾಗಾದರೆ ಯಾವುದು ನಕಲು? ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ. ನಾನು ಯಾವುದರ ಪಕ್ಕ ಇಟ್ಟು ನೋಡಲಿ?

ಕಿತ್ತುಹೋದ ಪಟವನ್ನು ಮಗಳು ಫೋನಿಗೆ ಹಾಕಿಕೊಂಡು, ಯಾವುದೋ ಆ್ಯಪಿನಲ್ಲಿ ಸರಿಮಾಡಿ ಪ್ರಿಂಟ್ ತಂದಳು. ಹೋದ ಜಾಗವನ್ನೆಲ್ಲ ಆ್ಯಪ್ ತಾನೇ ತುಂಬಿತ್ತು. ಕಲೆಯಿಲ್ಲ, ಗೆರೆಯಿಲ್ಲ. ನನಗೆ ನಿಜವಾಗಿಯೂ ಖುಷಿಯಾಯಿತು. ಹಬ್ಬಕ್ಕೆ ಬಂದ ಚಿಕ್ಕಮ್ಮ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ಇದು ನಾನೇ ಕಣೋ" ಎಂದಳು. "ಇದ್ಕೆ ಎಡೆ ಇಡ್ಬ್ಯಾಡ."

ಅವ್ವನ ಗದ್ದ ಹೇಗಿತ್ತು ಎಂದು ಕೇಳಿದೆ. ಅವಳಿಗೂ ನೆನಪಿರಲಿಲ್ಲ, ಇಷ್ಟು ವರ್ಷ ಅವಳೂ ಅಕ್ಕನನ್ನು ನೆನೆದದ್ದು ಆ ಪಟ ನೋಡಿಯೇ. ಸ್ಟುಡಿಯೋ ಮಾಮ ತೀರಿಕೊಂಡು ಎಷ್ಟೋ ಕಾಲವಾಯಿತು... ಈ ಸಲ ಬರಿಯ ಗೋಡೆಯ ಮುಂದೆ ಎಡೆ ಇಟ್ಟೆವು.