ಎಲೆಯ ಮೇಲೆ ಎರಡೂ ಕೈ

ಮೊನ್ನೆ ಯಲ್ಲಾಪುರದಲ್ಲಿ ಒಂದು ಉಪನಯನದ ಊಟ. ಪಂಕ್ತಿಯಲ್ಲಿ ಕುಳಿತು ಬಾಳೆಲೆಗೆ ನೀರು ಚಿಮುಕಿಸಿದೆ ನೋಡಿ, ಆ ಹಸಿ ವಾಸನೆಗೆ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತಿದ್ದ ನಮ್ಮ ಅಕ್ಕೋರು ನೆನಪಾಗಿಬಿಟ್ಟರು.

ಸಿದ್ದಾಪುರದ ಕಡೆಯ ಶಾಲೆ ನಮ್ಮದು. ಮಾದಕ ವಸ್ತುಗಳ ಬಗ್ಗೆ ಮಕ್ಕಳಿಗೆ ತಿಳಿವಳಿಕೆ ಕೊಡಿ ಎಂದು ಆದೇಶ ಬಂದಾಗ, ಬೇರೆಯವರಾಗಿದ್ದರೆ ಕೆಟ್ಟುಹೋದ ಶ್ವಾಸಕೋಶದ ಚಿತ್ರ ತೋರಿಸಿ ಹೆದರಿಸುತ್ತಿದ್ದರೇನೋ. ಅಕ್ಕೋರು ಬಾಳೆಲೆ ತಂದರು. ನಮ್ಮನ್ನು ಸಾಲಾಗಿ ಕೂರಿಸಿ, ಸೆರಗು ಬಿಗಿದು ಹೋಳಿಗೆ ಬಡಿಸಲು ನಿಂತರು. ಎಲೆಗೆ ಹೋಳಿಗೆ ಬೀಳಬಾರದು, ಬಡಿಸುವವರಿಗೆ ಬೇಸರವೂ ಆಗಬಾರದು. ಆಟ ಇಷ್ಟೇ.

ನಮ್ಮ ಕಡೆ ಇದು ಸುಲಭವಲ್ಲ. ಮೆಲ್ಲಗೆ "ಸಾಕು" ಎಂದವನ ಎಲೆಗೆ ಇನ್ನೆರಡು ಬೀಳುವುದೇ ರೂಢಿ. ನಾನು ಹೊಟ್ಟೆ ತುಂಬಿದೆ ಎಂದೆ. "ಒಂದಕ್ಕೆ ಜಾಗ ಇದ್ದೇ ಇರ್ತು" ಎಂದು ಹಾಕಿದರು. ಪಕ್ಕದ ಗೆಳೆಯ ಹಲ್ಲುನೋವೆಂದ. ತುಪ್ಪ ಸುರಿದು ಮೆತ್ತಗೆ ಮಾಡಿಕೊಟ್ಟರು. ಇಡೀ ತರಗತಿ ಸೋತು, ನಗುತ್ತಾ ತಿಂದಿತು.

"ಕಾರಣ ಹೇಳಡಿ, ಹೇಳೂದೇ ಬ್ಯಾಡ," ಎಂದರು ಅಕ್ಕೋರು. "ಕಾರಣ ಹೇಳಿದ್ರೆ ಬಡಿಸೋರಿಗೆ ಮಾತು ಸಿಗ್ತು. ನಗ್ತಾ ಎಲೆ ಮೇಲೆ ಎರಡೂ ಕೈ ಹಿಡೀರಿ. ಬ್ಯಾಡ ಹೇಳಿ, ಮಜ್ಜಿಗೆ ಕೇಳಿ. ನಾಳೆ ಗುಟ್ಕಾ, ಗಾಂಜಾ ಕೊಡೋನು ವೈರಿ ಆಗಿರ್ತ್ನಿಲ್ಲೆ. ನಿಮ್ಮ ದೋಸ್ತನೇ ಆಗಿರ್ತ."

ಇಷ್ಟು ಹೇಳಿದವರು ಯಾರ ಮನೆಯಲ್ಲೂ ಹೋಳಿಗೆಗೆ ಬೇಡ ಎಂದವರಲ್ಲ. ಕೆಣಕಿದರೆ, "ಈ ಪರೀಕ್ಷೇಲಿ ಆನು ನಪಾಸು" ಎಂದು ಇನ್ನೊಂದು ಹಾಕಿಸಿಕೊಳ್ಳುತ್ತಿದ್ದರು...

ಶಿರಸಿಯಲ್ಲಿ ಕಾಲೇಜು ಸೇರಿದ ಮೇಲೆ ಒಂದು ಮಧ್ಯಾಹ್ನ, ಅದೇ ಗೆಳೆಯ ಬಸ್ ನಿಲ್ದಾಣದ ಹಿಂದೆ ಗಾಂಜಾ ತುಂಬಿದ ಸಿಗರೇಟು ಚಾಚಿದ. "ಒಂದ್ಸಲ ಎಳೆ, ಎಂತೂ ಆಗ್ತಿಲ್ಲೆ." ಊರಿನಿಂದ ಜೊತೆಗೆ ಬಂದವನು ಅವನೊಬ್ಬನೇ. ಹೊಗೆಗಿಂತ ಹೆಚ್ಚಾಗಿ, ಅವನು ನನ್ನನ್ನು ಬಿಟ್ಟುಹೋದಾನು ಎಂಬ ಭಯವೇ ನನಗಿತ್ತು. ಏನೂ ತೋಚದೆ ಎರಡೂ ಕೈ ಅಡ್ಡ ಹಿಡಿದೆ. "ಬ್ಯಾಡ ಮಾರಾಯಾ. ಮಜ್ಜಿಗೆ ಕುಡಿಯನ ಬಾ."

ಅವನು ನನ್ನ ಕೈಗಳನ್ನೇ ನೋಡಿದ... ಆಮೇಲೆ ಕೆಮ್ಮು ಬರುವಷ್ಟು ನಕ್ಕ. ಅವತ್ತೇ ಬಿಟ್ಟನೆಂದಲ್ಲ. ಆದರೆ ಮಜ್ಜಿಗೆಗೆ ನನ್ನನ್ನು ಹುಡುಕಿಕೊಂಡು ಬರತೊಡಗಿದ, ಬರುಬರುತ್ತಾ ಹೊಗೆಯ ಸಹವಾಸ ತಪ್ಪಿತು. ಇದನ್ನು ಕೇಳಿದ ಅಕ್ಕೋರಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಇಬ್ಬರನ್ನೂ ಮನೆಗೆ ಕರೆದು ಹೋಳಿಗೆ ಮಾಡಿ ಹಾಕಿದ್ದರು.

ಈಗ ಅವರಿಲ್ಲ. ಹೋಳಿಗೆ ಕಂಡಾಗಲೆಲ್ಲ ಅದು ಮನಸ್ಸಿಗೆ ತಟ್ಟುತ್ತದೆ.

ಯಲ್ಲಾಪುರದ ಪಂಕ್ತಿಯಲ್ಲಿ ನನ್ನ ಪಕ್ಕ ಅದೇ ಗೆಳೆಯ ಕುಳಿತಿದ್ದ. ಹೋಳಿಗೆ ಬಂತು. ಇಬ್ಬರೂ ಒಟ್ಟಿಗೇ ಎಲೆಯ ಮೇಲೆ ಕೈ ಹಿಡಿದು, ಮುಖ ಮುಖ ನೋಡಿಕೊಂಡು ನಕ್ಕೆವು. ಬಡಿಸುವವನು ಮುಂದೆ ಹೊರಟ. ಗೆಳೆಯ ಕೈ ತೆಗೆದ.

"ಒಂದು ಹಾಕು ತಮಾ," ಎಂದ. "ಯಂಗಲ್ಲ. ಅಕ್ಕೋರಿಗೆ."