ಕುಟ್ಟಾಣಿಯ ಅಡಿಯ ಬಿಲ್ಲೆ

ಡೊಂಬಿವಲಿಯ ಆ ಬಿಲ್ಡಿಂಗಿನ ಮೂರನೇ ಮಾಳಿಗೆಯಲ್ಲಿ ದಮಯಂತಿ ಸಾರಿನಪುಡಿ ಕುಟ್ಟಲು ಕೂತಳೆಂದರೆ, ಎರಡನೇ ಮಾಳಿಗೆಯ ಸತ್ಯಭಾಮಾಬಾಯಿಯ ಗೋಡೆಗಡಿಯಾರ ಓರೆಯಾಗುತ್ತಿತ್ತು. ಮನೆಯಲ್ಲಿ ಮಿಕ್ಸಿ ಇರಲಿಲ್ಲವೆಂದಲ್ಲ. ಒಮ್ಮೆ ಅದರಲ್ಲಿ ತಿರುವಿ ಕೊಟ್ಟಾಗ ಗಿರಾಕಿಗಳೆಲ್ಲ ಮೂಸಿ ನೋಡಿ ವಾಪಸ್ ಕಳಿಸಿದ್ದರು. ಉಡುಪಿಯಿಂದ ಮದುವೆಯಾಗಿ ಬಂದು ಹದಿನಾರು ವರ್ಷ ಅವಳು ಬೇಯಿಸಿದ್ದು, ಒಗೆದದ್ದು, ಒರೆಸಿದ್ದು ಯಾವುದಕ್ಕೂ ಹೆಸರಿರಲಿಲ್ಲ. ಈ ಪುಡಿಯನ್ನು ಮಾತ್ರ ಸ್ಟೇಶನ್ ರಸ್ತೆಯವರೆಗೂ ಜನ ‘ದಮಯಂತಿ ಪುಡಿ’ ಎನ್ನುತ್ತಿದ್ದರು.

ಪಾತ್ರೆಯೆಲ್ಲ ತೊಳೆದು ಅವಳ ಕೈ ಖಾಲಿಯಾಗುವುದು ಮಧ್ಯಾಹ್ನ ಒಂದೂವರೆಗೆ. ಸತ್ಯಭಾಮಾಬಾಯಿ ತಲೆದಿಂಬಿಗೆ ತಲೆ ಕೊಡುವುದೂ ಆಗಲೇ. ಅವರು ಬಿಜಾಪುರದ ಕಡೆಯವರು, ಮಾತಿಗೆ ಹಿಂಜರಿದವರಲ್ಲ.

"ಏನ್ರೀ ದಮಯಂತಿಬಾಯಿ, ಮೆಣಸಿನಕಾಯಿ ಕುಟ್ಟಾಕತ್ತೀರೋ, ನನ್ನ ತಲಿ ಕುಟ್ಟಾಕತ್ತೀರೋ? ಸೊಸೈಟಿ ಮೀಟಿಂಗನ್ಯಾಗ ನಿಮ್ಮ ಕುಟ್ಟಾಣಿ ಬಂದ್ ಮಾಡಸ್ತೀನಿ ನೋಡ್ರಿ!"

ಗಂಡ ಯಜ್ಞೇಶ್ವರ ಥಾಣೆ–ಬೇಲಾಪುರ ರಸ್ತೆಯ ಸಣ್ಣ ಕಾರ್ಖಾನೆಯೊಂದರಲ್ಲಿ ಲೋಹ ಬೆರೆಸುವವನು. ನಿಕ್ಕಲ್ಲನ್ನೂ ಟೈಟಾನಿಯಮ್ಮನ್ನೂ ಹದವಾಗಿ ಕೂಡಿಸಿ, ಸವೆದ ಬೆನ್ನುಮೂಳೆಯ ಮಣಿಗಳ ನಡುವೆ ಕೂರಿಸುವ ಬಿಲ್ಲೆ ಮಾಡಬೇಕು. ನಡೆಯುವಾಗ, ಮೆಟ್ಟಿಲಿಳಿಯುವಾಗ ಬೀಳುವ ಪೆಟ್ಟನ್ನು ಬಿಲ್ಲೆಯೇ ನುಂಗಿಕೊಳ್ಳಬೇಕು. ಲೋಕದ ಬೆನ್ನುನೋವಿನ ಬಗ್ಗೆ ಅವನಿಗೆ ಅಪಾರ ಕನಿಕರ. ಹೆಂಡತಿ ಸೊಂಟ ಹಿಡಿದು ಏಳುವಾಗ ಮಾತ್ರ, "ನೀನು ಕೂರುವ ಕ್ರಮ ಸರಿಯಿಲ್ಲ" ಎನ್ನುತ್ತಿದ್ದ.

ತೊಂಬತ್ತಾರರ ಜನವರಿಯಲ್ಲಿ ಅವನು ಅಂಗೈಯಗಲದ ಎರಡು ಮಾದರಿ ಬಿಲ್ಲೆ ಮನೆಗೆ ತಂದ. ಸ್ಟೀಲಿನದಕ್ಕೆ ಚಮಚದಿಂದ ಹೊಡೆದ: ಠಣ್! ತನ್ನ ಬಿಲ್ಲೆಗೆ ಹೊಡೆದ: ದಪ್. ಮರಕ್ಕೆ ಬಡಿದ ಹಾಗೆ.

"ನೋಡು, ಎಷ್ಟು ಕುಟ್ಟಿದರೂ ಬಾಯಿ ಬಿಡುವುದಿಲ್ಲ. ಮನೆಯ ಹೆಂಗಸು ಹೀಗಿರಬೇಕು ಮಾರಾಯ್ತಿ!"

ಮರುದಿನ ಆ ಬಾಯಿ ಬಿಡದ ಬಿಲ್ಲೆಯನ್ನು ದಮಯಂತಿ ಕುಟ್ಟಾಣಿಯ ಅಡಿಗಿಟ್ಟಳು.

ವಾರ ಕಳೆದ ಮೇಲೆ ಸತ್ಯಭಾಮಾಬಾಯಿಯೇ ಏದುಸಿರು ಬಿಡುತ್ತ ಮೇಲೆ ಬಂದರು. "ಆರಾಮ ಅದೀರಿಲ್ಲೊ? ಸಪ್ಪಳಾನ ಇಲ್ಲ, ನನಗ ನಿದ್ದೀನ ಹತ್ತವಲ್ದು."

ಏಪ್ರಿಲ್ ಬಂತು, ಸದ್ದು ಮರಳಿತು. ಈ ಸಲ ಸತ್ಯಭಾಮಾಬಾಯಿ ಹತ್ತಿ ಬರಲಿಲ್ಲ. ಭಾನುವಾರದ ಮೀಟಿಂಗಿಗೆ ಅರ್ಜಿಯನ್ನೇ ಕೊಟ್ಟರು. ದಮಯಂತಿ ಬಿಲ್ಲೆಯನ್ನು ಹೊರತೆಗೆದು ಸೌಟಿನಿಂದ ಬಡಿದಳು: ಠಣ್! ಫ್ರಿಜ್ಜಿನ ನೀರಲ್ಲಿ ಮುಳುಗಿಸಿ ಬಡಿದಳು: ದಪ್. ಒಲೆಯ ಪಕ್ಕದಲ್ಲಿಟ್ಟಳು, ಮತ್ತೆ ಠಣ್! ಅನ್ನ ಬೇಯುವ ಹೊತ್ತಿನಲ್ಲೂ ಬಟ್ಟೆ ನೆನೆಯುವ ಹೊತ್ತಿನಲ್ಲೂ ನಾಲ್ಕು ದಿನ ಇದನ್ನೇ ಮಾಡಿ ನೋಡಿದಳು.

ಶನಿವಾರ ಯಜ್ಞೇಶ್ವರ ಕಪಾಟು ತಡಕಾಡುತ್ತಿದ್ದ. "ಸೋಮವಾರ ದೊಡ್ಡ ಸರ್ಜನ್ ಒಬ್ಬರ ಮುಂದೆ ಬಾರಿಸಿ ತೋರಿಸಬೇಕು. ನನ್ನ ಬಿಲ್ಲೆ ಎಲ್ಲಿ?"

"ಕುಟ್ಟಾಣಿಯ ಅಡಿಯಲ್ಲಿ."

"ಎಂತ! ಅದು ಮನುಷ್ಯರ ಬೆನ್ನಿಗೆ ಮಾಡಿದ್ದು!"

"ನಾನು ಕುಟ್ಟುವುದೂ ಬೆನ್ನು ಬಗ್ಗಿಸಿಯೇ. ಆದರೆ ತೋರಿಸಲಿಕ್ಕೆ ಹೋಗಬೇಡಿ. ಸೆಕೆಗೆ ಅದು ಬಾಯಿ ಬಿಡ್ತದೆ."

ಯಜ್ಞೇಶ್ವರ ನಕ್ಕ. "ಲ್ಯಾಬಿನಲ್ಲಿ ನೂರು ಸಲ ಬಾರಿಸಿದ್ದೇವೆ."

"ನಿಮ್ಮ ಲ್ಯಾಬಿನಲ್ಲಿ ಏಸಿ ಉಂಟಲ್ಲ?"

"ಉಂಟು. ಯಾವಾಗಲೂ ಇಪ್ಪತ್ತೆರಡು ಡಿಗ್ರಿ."

"ಮನುಷ್ಯನ ಬೆನ್ನಿನೊಳಗೆ ಏಸಿ ಉಂಟಾ?"

ದಮಯಂತಿ ನೀರು ಉಗುರುಬೆಚ್ಚಗೆ ಮಾಡಿ, ಜ್ವರ ನೋಡುವ ಕಡ್ಡಿಯನ್ನು ಅದ್ದಿ, ಮೈಯ ಬಿಸಿಯಷ್ಟೇ ಆಗುವಂತೆ ಹದ ಮಾಡಿದಳು. ಬಿಲ್ಲೆಯನ್ನು ಅದರಲ್ಲಿ ನೆನೆಹಾಕಿ, ಕಾದು, ತೆಗೆದು, ಸೌಟು ಅವನ ಕೈಗೇ ಕೊಟ್ಟಳು.

ಠಣ್!

"ಗುಡಿ ಗಂಟಿ ಕಟ್ಟೀರೇನ್ರೀ?" ಎಂದು ಕೆಳಗಿನ ಕಿಟಕಿಯಿಂದ ಕೂಗು ಬಂತು.

ಯಜ್ಞೇಶ್ವರ ಹಿಟ್ಟಿನ ಡಬ್ಬದ ಮೇಲೆ ಕೂತ. ಬಿಸಿಯಾದಂತೆ ಈ ಲೋಹದ ಒಳರಚನೆ ಬದಲಾಗುತ್ತದೆಂದು ಅವನು ಓದಿದ್ದ. ನಿಕ್ಕಲ್ ಒಂದು ಚೂರು ಹೆಚ್ಚುಕಡಿಮೆಯಾದರೂ ಬದಲಾಗುವ ಬಿಸಿಯೇ ಬೇರೆ. ಈ ಬಿಲ್ಲೆ ಮೈಯೊಳಗೆ ಹೋಗಿದ್ದರೆ ಪೆಟ್ಟು ನುಂಗುವುದಿರಲಿ, ನೆಟ್ಟಗೆ ಮೂಳೆಗೇ ದಾಟಿಸುತ್ತಿತ್ತು. ಹೊಸ ಹದ ಹಿಡಿಯುವವರೆಗೆ ಪ್ರದರ್ಶನವನ್ನು ಮುಂದೆ ಹಾಕಿಸುತ್ತೇನೆಂದ.

"ಹಾಗಾದರೆ ಬಿಲ್ಲೆ ನನಗೆ," ಎಂದಳು ದಮಯಂತಿ. "ತಂಪು ಹೊತ್ತಿನಲ್ಲಿ ಅದು ಮೂಗ. ಹಾಲ್‌ನಲ್ಲಿ ಕೂತು ಬೆಳಿಗ್ಗೆ ಆರರಿಂದ ಏಳೂವರೆಯವರೆಗೆ ಕುಟ್ಟುತ್ತೇನೆ."

"ಆಗ ಚಾ? ಇಡ್ಲಿ? ನನ್ನ ಡಬ್ಬಿ?"

"ಹದ ಬಲ್ಲವರಲ್ಲವಾ ನೀವು."

ಮೀಟಿಂಗಿನಲ್ಲಿ ಅವಳು ಬೆಳಗಿನ ಹೊತ್ತನ್ನು ಕೇಳಿದಳು. ಸೋಮವಾರ ಪರೀಕ್ಷೆ, ಒಂದು ಸದ್ದು ಕೇಳಿದರೂ ಕುಟ್ಟಾಣಿ ಕಾಯಮ್ಮಾಗಿ ಬಂದ್ ಎಂದು ತೀರ್ಮಾನವಾಯಿತು.

ಸೋಮವಾರ ಆರಕ್ಕೆ ಫ್ರಿಜ್ಜಿನಿಂದ ಬಿಲ್ಲೆ ತೆಗೆದು ಅವಳು ಶುರುಮಾಡಿದಳು. ದಪ್, ದಪ್. ಅಡಿಗೆಮನೆಯಲ್ಲಿ ಯಜ್ಞೇಶ್ವರನ ಬನಿಯನ್ ಮೈಗಂಟಿತ್ತು.

"ಫ್ಯಾನ್ ಎಲ್ಲಿ?"

"ಇಲ್ಲಿ ಫ್ಯಾನ್ ಹಾಕಿದರೆ ಗ್ಯಾಸ್ ಆರ್ತದೆ ಎಂದು ನೀವೇ ಹೇಳಿದ್ದು."

ಅವನು ತಡೆಯಲಾರದೆ ಜ್ವರದ ಕಡ್ಡಿಯನ್ನು ಒಲೆಯ ಪಕ್ಕದಲ್ಲಿ ಹಿಡಿದು ನೋಡಿದ. "ನೂರಾ ಎರಡು!" ಎಂದು ಕಿರುಚಿದ. "ಇಲ್ಲಿ ಮನುಷ್ಯರು ನಿಲ್ಲುವುದುಂಟಾ!"

"ಕೂಗಬೇಡಿ, ಕೆಳಗಿನವರು ಕಿವಿಗೊಟ್ಟು ಕೂತಿದ್ದಾರೆ."

ಎಂಟಕ್ಕೆ ಸತ್ಯಭಾಮಾಬಾಯಿ ಬಾಗಿಲಲ್ಲಿ ನಿಂತಿದ್ದರು. "ಕುಟ್ಟೂದು ಯಾವಾಗ ಸುರು ಮಾಡ್ತೀರಿ?"

ದಮಯಂತಿ ಘಮಘಮಿಸುವ ಪೊಟ್ಟಣವೊಂದನ್ನು ಅವರ ಕೈಗಿಟ್ಟಳು. "ಆಯ್ತಲ್ಲ."

ಅವರು ಮೂಸಿ ನೋಡಿದರು. "ಮತ್ತ ಆ ಒದರಾಟ ಯಾರದು?"

"ನಮ್ಮವರದು. ಇಡ್ಲಿ ಬೇಯಿಸ್ತಾ ಇದ್ದಾರೆ."

"ಹೌದಾ?" ಸತ್ಯಭಾಮಾಬಾಯಿ ಅಡಿಗೆಮನೆಯತ್ತ ಬಗ್ಗಿ ಕಣ್ತುಂಬ ನೋಡಿದರು. "ಆ ಸಪ್ಪಳಕ್ಕ ನನ್ನ ತಕರಾರಿಲ್ರೀ. ದಿನಾ ನಡೀಲಿ."